ಚಿಕ್ಕ ಸಿ.ಎನ್.ಸಿ. ಯಂತ್ರಗಳಿಗೆ ಪ್ರಾಕ್ಸಿಮಿಟಿ ಸೆನ್ಸರ್ ಜೋಡಣೆ: ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ಅಂಶಗಳು

ಮರದ ಕೆತ್ತನೆ, ಅಕ್ರಿಲಿಕ್ ಅಕ್ಷರಗಳು, ನಾಮಫಲಕಗಳು, ಅಲ್ಯೂಮಿನಿಯಂ ತಗಡಿನ ಲೇಬಲ್‌ಗಳು ಮುಂತಾದ ಕೆಲಸಗಳಿಗೆ ಇಂದು ಅನೇಕ ಸಣ್ಣ ಘಟಕಗಳು ಕಡಿಮೆ ಬೆಲೆಯ ಸಿ.ಎನ್.ಸಿ. ರೌಟರ್ ಯಂತ್ರಗಳನ್ನು ಅವಲಂಬಿಸಿವೆ. ಇಂತಹ ಯಂತ್ರಗಳ ಪೈಕಿ ಬಹಳಷ್ಟರಲ್ಲಿ ಇರುವುದು ಕೈಗಾರಿಕಾ ದರ್ಜೆಯ ನಿಯಂತ್ರಕವಲ್ಲ. ಹವ್ಯಾಸಿಗಳಿಗಾಗಿ ರೂಪುಗೊಂಡ ಆರ್ಡುಯಿನೊ ಬೋರ್ಡ್ ಮತ್ತು ಅದರಲ್ಲಿ ನಡೆಯುವ ಗ್ರಬಲ್ ಎಂಬ ತಂತ್ರಾಂಶ. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಜನ್ಮ ತಾಳಿತು. ಗ್ರಬಲ್ ತಂತ್ರಾಂಶವನ್ನು 2009ರಲ್ಲಿ ನಾರ್ವೆಯ ಸೀಮನ್ ಸ್ವಾಲೆ ಸ್ಕೋಗ್ಸ್‌ರುಡ್ ಅವರು ಬರೆದು, ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಟ್ಟುಕೊಟ್ಟರು. ಕಲಿಕೆಗೆಂದು ಹುಟ್ಟಿದ ಈ ಉಪಕರಣಗಳು ಈಗ ಎಷ್ಟೋ ಕುಟುಂಬಗಳ ಅನ್ನದ ಮಾರ್ಗವಾಗಿವೆ. ಆದ್ದರಿಂದಲೇ ಅವುಗಳ ಜೋಡಣೆಯಲ್ಲಿ ಹವ್ಯಾಸಿಗಿಂತ ಹೆಚ್ಚಿನ ಎಚ್ಚರಿಕೆ ಉದ್ದಿಮೆದಾರನಿಗೆ ಅಗತ್ಯ.

ಲೆಕ್ಕಪರಿಶೋಧಕನಾದ ನನಗೆ ಈ ವಿಷಯದ ಪರಿಚಯವಾದದ್ದು ಲೆಕ್ಕದ ಪುಸ್ತಕದ ಮೂಲಕ. ನಾಮಫಲಕ ತಯಾರಿಸುವ ಕಕ್ಷಿದಾರರೊಬ್ಬರ ಖಾತೆಯಲ್ಲಿ 'ದುರಸ್ತಿ ಮತ್ತು ನಿರ್ವಹಣೆ' ಶೀರ್ಷಿಕೆಯಡಿ ಒಂದೇ ವರ್ಷದಲ್ಲಿ ನಾಲ್ಕು ಬಾರಿ ಒಂದೇ ಬಗೆಯ ಬೋರ್ಡ್ ಖರೀದಿಸಿದ ಬಿಲ್ಲುಗಳಿದ್ದವು. ವಿಚಾರಿಸಿದಾಗ ತಿಳಿದುಬಂದ ಕಾರಣ ಸರಳವಾಗಿತ್ತು: 24 ವೋಲ್ಟ್‌ನಲ್ಲಿ ಕೆಲಸ ಮಾಡುವ ಸೆನ್ಸರನ್ನು 5 ವೋಲ್ಟ್‌ನ ಬೋರ್ಡಿಗೆ ನೇರವಾಗಿ ಜೋಡಿಸಲಾಗಿತ್ತು. ನಡುವೆ ಇರಬೇಕಾಗಿದ್ದ ಅಲ್ಪ ಬೆಲೆಯ ಬಿಡಿಭಾಗವೊಂದು ಇರಲಿಲ್ಲ. ಇಂತಹ ನಷ್ಟವನ್ನು ತಡೆಯಲು ಮಾಲೀಕರು ತಂತ್ರಜ್ಞರಾಗಬೇಕಿಲ್ಲ. ಖರೀದಿಗೆ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನೂ ಜೋಡಣೆಯ ನಂತರ ಮಾಡಬೇಕಾದ ಪರೀಕ್ಷೆಗಳನ್ನೂ ತಿಳಿದಿದ್ದರೆ ಸಾಕು. ಅವುಗಳನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೆನ್ಸರ್ ಏಕೆ ಬೇಕು?

ಈ ಯಂತ್ರಗಳಲ್ಲಿ ಸ್ಟೆಪ್ಪರ್ ಮೋಟಾರುಗಳಿರುತ್ತವೆ. 'ಇಷ್ಟು ಹೆಜ್ಜೆ ತಿರುಗು' ಎಂದು ಬೋರ್ಡು ಆಜ್ಞೆ ಕೊಡುತ್ತದೆ. ಮೋಟಾರು ನಿಜವಾಗಿ ಅಷ್ಟು ತಿರುಗಿತೇ ಎಂಬ ವರದಿ ಬೋರ್ಡಿಗೆ ಮರಳಿ ಬರುವುದಿಲ್ಲ. ಯಂತ್ರಕ್ಕೆ ವಿದ್ಯುತ್ ಬಂದ ಕ್ಷಣದಲ್ಲಿ ತನ್ನ ಸ್ಪಿಂಡಲ್ ಎಲ್ಲಿದೆ ಎಂಬುದೇ ಅದಕ್ಕೆ ಗೊತ್ತಿರುವುದಿಲ್ಲ. ಹೀಗಾಗಿ ಮೂರೂ ಅಕ್ಷಗಳ ಒಂದೊಂದು ತುದಿಯಲ್ಲಿ ಗುರುತಿನ ಸ್ಥಾನವನ್ನಿಟ್ಟು, ಯಂತ್ರವು ಮೊದಲು ಅಲ್ಲಿಗೆ ಹೋಗಿ ಅದನ್ನು ಸೊನ್ನೆಯೆಂದು ದಾಖಲಿಸಿಕೊಳ್ಳುವಂತೆ ಮಾಡುತ್ತಾರೆ. ಇದಕ್ಕೆ ಹೋಮಿಂಗ್ ಎಂದು ಹೆಸರು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಇದು ಆರಂಭಿಕ ಶಿಲ್ಕು. ಅದು ತಪ್ಪಾದರೆ ಅನಂತರದ ಎಲ್ಲ ನಮೂದುಗಳೂ ತಪ್ಪು.

ಕೆಲಸದ ಮಧ್ಯೆ ವಿದ್ಯುತ್ ಹೋಗಿ ಮರಳಿ ಬಂದಾಗ ಹೋಮಿಂಗ್ ಇರುವ ಯಂತ್ರವು ಅದೇ ಮೂಲಸ್ಥಾನವನ್ನು ಪುನಃ ಕಂಡುಕೊಳ್ಳುತ್ತದೆ. ಹೋಮಿಂಗ್ ಇಲ್ಲದಿದ್ದರೆ ಅರ್ಧ ಕೊರೆದ ಹಾಳೆಯನ್ನು ಬಿಸಾಡಬೇಕಾಗುವ ಸಂಭವವೇ ಹೆಚ್ಚು. ಸೆನ್ಸರಿನ ಎರಡನೆಯ ಉಪಯೋಗವೆಂದರೆ, ಯಂತ್ರವು ಮಿತಿ ಮೀರಿ ತುದಿಗೆ ಗುದ್ದುವ ಮೊದಲೇ ಅದನ್ನು ನಿಲ್ಲಿಸುವುದು.

ಈ ಕೆಲಸಕ್ಕೆ ಸಾಮಾನ್ಯ ಒತ್ತುಗುಂಡಿಯ ಲಿಮಿಟ್ ಸ್ವಿಚ್ಚುಗಳನ್ನೂ ಬಳಸಬಹುದು. ಆದರೆ ಮರದ ಪುಡಿ ಮತ್ತು ಅಕ್ರಿಲಿಕ್ ಚೂರುಗಳು ಅವುಗಳ ಸಂಪರ್ಕದೊಳಗೆ ಸೇರಿಕೊಳ್ಳುತ್ತವೆ. ಪ್ರಾಕ್ಸಿಮಿಟಿ ಸೆನ್ಸರಿಗೆ ಸ್ಪರ್ಶದ ಅಗತ್ಯವಿಲ್ಲ. ಅದರ ಮುಖದಲ್ಲಿರುವ ತಂತಿಸುರುಳಿಯು ಉಚ್ಚ ಆವರ್ತನದ ಕಾಂತಕ್ಷೇತ್ರವನ್ನು ಹರಡುತ್ತದೆ. ಲೋಹವು ಹತ್ತಿರ ಬಂದಾಗ ಲೋಹದೊಳಗೆ ಸುಳಿ ವಿದ್ಯುತ್ ಪ್ರವಾಹ ಹುಟ್ಟಿ ಕ್ಷೇತ್ರದ ಶಕ್ತಿಯನ್ನು ಹೀರುತ್ತದೆ, ಆಂದೋಲನ ಕುಗ್ಗುತ್ತದೆ, ಅದನ್ನು ಗ್ರಹಿಸಿದ ಮಂಡಲವು ತನ್ನ ಟ್ರಾನ್ಸಿಸ್ಟರಿನ ಸ್ಥಿತಿಯನ್ನು ಬದಲಿಸುತ್ತದೆ. ಮರದ ಪುಡಿ ಲೋಹವಲ್ಲವಾದ್ದರಿಂದ ಸೆನ್ಸರ್ ಅದನ್ನು ಲಕ್ಷಿಸುವುದಿಲ್ಲ.

ಖರೀದಿಗೆ ಮುನ್ನ ನಾಲ್ಕು ಪ್ರಶ್ನೆಗಳು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ 'ಒಂದು ಪ್ರಾಕ್ಸಿಮಿಟಿ ಕೊಡಿ' ಎಂದರೆ ಯಾವುದಾದರೂ ಒಂದು ಸಿಗುತ್ತದೆ. ನಮಗೆ ಬೇಕಾದುದು ಸಿಗಬೇಕಾದರೆ ಈ ಕೆಳಗಿನ ವಿಷಯಗಳು ಸ್ಪಷ್ಟವಾಗಿರಬೇಕು.

1. ಎಷ್ಟು ವೋಲ್ಟ್? ಈ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಎಲ್‌ಜೆ12ಎ3-4 ಮಾದರಿಯ 12 ಮಿ.ಮೀ. ವ್ಯಾಸದ ಸೆನ್ಸರಿಗೆ 6ರಿಂದ 36 ವೋಲ್ಟ್ ಡಿ.ಸಿ. ಬೇಕು. ಬೋರ್ಡಿನ 5 ವೋಲ್ಟನ್ನೇ ಕೊಟ್ಟು ನಡೆಸುವ ರೂಢಿಯೂ ಇದೆ. ಹಾಗೆ ಮಾಡಿದಾಗ ಸೆನ್ಸರ್ ಕೆಲವೊಮ್ಮೆ ಕೆಲಸ ಮಾಡಬಹುದು. ಆದರೆ ತಯಾರಕರು ಹೇಳಿದ ಮಿತಿಗಿಂತ ಕೆಳಗೆ ನಡೆಯುವ ಉಪಕರಣದ ಮೇಲೆ ವ್ಯವಹಾರವನ್ನು ನಿಲ್ಲಿಸುವುದು ಸಮಂಜಸವಲ್ಲ. 12 ಅಥವಾ 24 ವೋಲ್ಟ್ ಕೊಡುವುದೇ ಕ್ಷೇಮ.

2. ಎನ್‌ಪಿಎನ್ ಅಥವಾ ಪಿಎನ್‌ಪಿ? ಎನ್‌ಪಿಎನ್ ಸೆನ್ಸರ್ ಕೆಲಸ ಮಾಡಿದಾಗ ತನ್ನ ಹೊರಹರಿವಿನ ತಂತಿಯನ್ನು ಋಣ ಬದಿಗೆ ಎಳೆಯುತ್ತದೆ. ಪಿಎನ್‌ಪಿ ಸೆನ್ಸರ್ ಧನ ಬದಿಯ ಪೂರ್ಣ ವೋಲ್ಟೇಜನ್ನು ಆ ತಂತಿಗೆ ಕೊಡುತ್ತದೆ. ಗ್ರಬಲ್ ಬೋರ್ಡಿನ ಲಿಮಿಟ್ ಪಿನ್ನುಗಳು ಒಳಗಿನಿಂದಲೇ 5 ವೋಲ್ಟ್‌ನತ್ತ ಎಳೆಯಲ್ಪಟ್ಟಿರುತ್ತವೆ; ಅವುಗಳನ್ನು ಸೊನ್ನೆಗೆ ಇಳಿಸುವುದೇ ಸಂಕೇತ. ಆದ್ದರಿಂದ ಎನ್‌ಪಿಎನ್ ಬಗೆ ಇಲ್ಲಿಗೆ ಸಹಜವಾಗಿ ಹೊಂದುತ್ತದೆ.

3. ಎನ್ಒ ಅಥವಾ ಎನ್‌ಸಿ? ಲೋಹ ಬಂದಾಗ ಮಾತ್ರ ವಾಹಕವಾಗುವುದು ಎನ್ಒ. ಸದಾ ವಾಹಕವಾಗಿದ್ದು ಲೋಹ ಬಂದಾಗ ಕಡಿದುಕೊಳ್ಳುವುದು ಎನ್‌ಸಿ. ಮೇಲೆ ಹೇಳಿದ ಮಾದರಿಯಲ್ಲಿ ಸಂಖ್ಯೆಯ ಕೊನೆಗೆ ಬಿಎಕ್ಸ್ ಎಂದಿದ್ದರೆ ಎನ್‌ಪಿಎನ್-ಎನ್ಒ, ಎಎಕ್ಸ್ ಎಂದಿದ್ದರೆ ಎನ್‌ಪಿಎನ್-ಎನ್‌ಸಿ, ಬಿವೈ ಎಂದಿದ್ದರೆ ಪಿಎನ್‌ಪಿ-ಎನ್ಒ. ಇವುಗಳ ಆಯ್ಕೆಯನ್ನು ಮುಂದೆ ಪ್ರತ್ಯೇಕವಾಗಿ ಚರ್ಚಿಸಿದೆ.

4. ಎಷ್ಟು ದೂರ, ಯಾವ ಲೋಹ? 4 ಮಿ.ಮೀ. ಎಂಬ ಗ್ರಹಣ ದೂರವು ಮೈಲ್ಡ್ ಸ್ಟೀಲ್ ತುಂಡಿಗೆ ಮಾತ್ರ ಅನ್ವಯಿಸುತ್ತದೆ. ಉಷ್ಣತೆ ಮತ್ತು ವೋಲ್ಟೇಜಿನ ಏರಿಳಿತಗಳನ್ನು ಗಣನೆಗೆ ತೆಗೆದುಕೊಂಡು, ಅದರ ಶೇ. 81ರಷ್ಟನ್ನು ಮಾತ್ರ ಖಚಿತ ದೂರವೆಂದು ಪರಿಗಣಿಸುವುದು ಕ್ರಮ. ಅಂದರೆ ಸುಮಾರು 3.2 ಮಿ.ಮೀ. ಅಲ್ಯೂಮಿನಿಯಂ ಆದರೆ ಈ ದೂರ ಸ್ಥೂಲವಾಗಿ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ಯಂತ್ರಗಳ ಚೌಕಟ್ಟು ಬಹುಪಾಲು ಅಲ್ಯೂಮಿನಿಯಂನದೇ ಆದ್ದರಿಂದ, ಗುರುತಿನ ಸ್ಥಾನದಲ್ಲಿ ಒಂದು ಸ್ಟೀಲ್ ತುಂಡನ್ನು ತಿರುಪಿನಿಂದ ಕೂಡಿಸಿ 2ರಿಂದ 2.5 ಮಿ.ಮೀ. ಅಂತರ ಇಡುವುದು ಉತ್ತಮ. ಆ ತುಂಡು ಸೆನ್ಸರಿನ ಮುಖಕ್ಕೆ ಎದುರಾಗಿ ಬರದೆ, ಮುಖದ ಮುಂದೆ ಅಡ್ಡವಾಗಿ ಹಾದುಹೋಗುವಂತಿರಬೇಕು. ಆಗ ಯಂತ್ರ ತುಸು ಮುಂದೆ ಸರಿದರೂ ಸೆನ್ಸರ್ ಜಜ್ಜಿಹೋಗುವುದಿಲ್ಲ. ತುಂಡು ಸಾಕಷ್ಟು ಉದ್ದವಾಗಿಯೂ ಇರಬೇಕು. ಇಲ್ಲದಿದ್ದರೆ ಅದು ಸೆನ್ಸರನ್ನು ದಾಟಿ ಹೋಗಿ ಸಂಕೇತವೇ ಅಳಿದೀತು.

ನೇರ ಜೋಡಣೆ ಏಕೆ ಕೂಡದು?

ಆರ್ಡುಯಿನೊ ಊನೊ ಬೋರ್ಡಿನ ಅಟ್‌ಮೆಗಾ328ಪಿ ಚಿಪ್ಪಿನ ಪಿನ್ನುಗಳು ತಮ್ಮ 5 ವೋಲ್ಟ್ ಪೂರೈಕೆಗಿಂತ ಅರ್ಧ ವೋಲ್ಟ್‌ನಷ್ಟು ಮಾತ್ರ ಹೆಚ್ಚನ್ನು ತಾಳಬಲ್ಲವು. ಪಿಎನ್‌ಪಿ ಸೆನ್ಸರನ್ನು ನೇರವಾಗಿ ಕೂಡಿಸಿದರೆ 24 ವೋಲ್ಟ್ ಪಿನ್ನಿಗೆ ಬರುವುದು ನಿಶ್ಚಿತ. ಎನ್‌ಪಿಎನ್ ಆದರೆ ಋಣ ಬದಿಗೆ ಎಳೆಯುವುದರಿಂದ ಅಪಾಯವಿಲ್ಲ ಎಂದು ಅನೇಕರು ಹೇಳುತ್ತಾರೆ. ಈ ಮಾತು ಅರ್ಧ ಸತ್ಯ. ಕೆಲವು ತಯಾರಿಕೆಗಳಲ್ಲಿ ಹೊರಹರಿವಿನ ತಂತಿ ಮತ್ತು ಧನ ತಂತಿಯ ನಡುವೆ ಸೆನ್ಸರಿನ ಒಳಗೇ ಒಂದು ರೆಸಿಸ್ಟರ್ ಇರುತ್ತದೆ. ಸೆನ್ಸರ್ ವಾಹಕವಾಗಿಲ್ಲದ ಹೊತ್ತಿನಲ್ಲಿ ಅದರ ಮೂಲಕ ಹೆಚ್ಚಿನ ವೋಲ್ಟೇಜು ಬೋರ್ಡಿನ ಪಿನ್ನಿನತ್ತ ಹರಿಯುತ್ತದೆ. ಬೋರ್ಡು ತಕ್ಷಣ ಸುಡದೆ ಕೆಲವು ವಾರ ನಡೆದು, ಒಂದು ದಿನ ಕಾರಣ ತಿಳಿಯದಂತೆ ನಿಲ್ಲಬಹುದು. ಹೊರಗಿನಿಂದ ಎರಡು ಬಗೆಯ ಸೆನ್ಸರುಗಳೂ ಒಂದೇ ತೆರನಾಗಿ ಕಾಣುತ್ತವೆ.

ಇದಕ್ಕೆ ಪರಿಹಾರ ಆಪ್ಟೋಕಪ್ಲರ್. ಪಿಸಿ817 ಎಂಬ ನಾಲ್ಕು ಕಾಲುಗಳ ಪುಟ್ಟ ಚಿಪ್ಪಿನೊಳಗೆ ಒಂದು ಬದಿಯಲ್ಲಿ ಎಲ್‌ಇಡಿ ದೀಪವೂ ಇನ್ನೊಂದು ಬದಿಯಲ್ಲಿ ಬೆಳಕಿಗೆ ಸ್ಪಂದಿಸುವ ಟ್ರಾನ್ಸಿಸ್ಟರೂ ಇರುತ್ತವೆ. ಸೆನ್ಸರ್ ದೀಪವನ್ನು ಬೆಳಗಿಸುತ್ತದೆ. ಬೆಳಕು ಕಂಡ ಟ್ರಾನ್ಸಿಸ್ಟರ್ ಬೋರ್ಡಿನ ಪಿನ್ನನ್ನು ಸೊನ್ನೆಗೆ ಇಳಿಸುತ್ತದೆ. ಸುದ್ದಿ ಮಾತ್ರ ದಾಟುತ್ತದೆ, ವೋಲ್ಟೇಜು ದಾಟುವುದಿಲ್ಲ.

ಜೋಡಣೆಯ ಕ್ರಮ

ಸೆನ್ಸರಿನ ಮೂರು ತಂತಿಗಳ ಬಣ್ಣಕ್ಕೆ ಅಂತರರಾಷ್ಟ್ರೀಯ ಮಾನಕವಿದೆ: ಕಂದು ಧನ, ನೀಲಿ ಋಣ, ಕಪ್ಪು ಹೊರಹರಿವು. ನಮ್ಮ ಮನೆಯ ವೈರಿಂಗಿನ ಬಣ್ಣಗಳ ಅಭ್ಯಾಸವನ್ನು ಇಲ್ಲಿ ತರಬಾರದು. ಎನ್‌ಪಿಎನ್ ಸೆನ್ಸರಿಗೆ ಸಂಪರ್ಕಗಳು ಹೀಗಿರಬೇಕು:

- ಕಂದು ತಂತಿ 24 ವೋಲ್ಟ್‌ನ ಧನ ತುದಿಗೆ, ನೀಲಿ ತಂತಿ ಅದೇ ಪೂರೈಕೆಯ ಋಣ ತುದಿಗೆ.
- ಧನ ತುದಿಯಿಂದ 2.2 ಕಿಲೋ ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಮೂಲಕ ಆಪ್ಟೋಕಪ್ಲರಿನ ದೀಪದ ಧನ ಕಾಲಿಗೆ.
- ದೀಪದ ಋಣ ಕಾಲಿನಿಂದ ಸೆನ್ಸರಿನ ಕಪ್ಪು ತಂತಿಗೆ.
- ಇನ್ನೊಂದು ಬದಿಯಲ್ಲಿ ಟ್ರಾನ್ಸಿಸ್ಟರಿನ ಕಲೆಕ್ಟರ್ ಬೋರ್ಡಿನ ಲಿಮಿಟ್ ಪಿನ್ನಿಗೆ, ಎಮಿಟರ್ ಬೋರ್ಡಿನ ಗ್ರೌಂಡಿಗೆ.

ರೆಸಿಸ್ಟರಿನ ಲೆಕ್ಕ ಸುಲಭ. ದೀಪದ ಮೇಲೆ ಸುಮಾರು 1.2 ವೋಲ್ಟ್ ಕಳೆದು ಉಳಿದ 22.8 ವೋಲ್ಟನ್ನು 2,200 ಓಮ್‌ನಿಂದ ಭಾಗಿಸಿದರೆ ಸುಮಾರು 10 ಮಿಲಿ ಆಂಪಿಯರ್ ಬರುತ್ತದೆ. ದೀಪಕ್ಕೆ ಅಷ್ಟು ಸಾಕು. ರೆಸಿಸ್ಟರಿನಲ್ಲಿ ವ್ಯಯವಾಗುವ ಶಕ್ತಿ ಕಾಲು ವ್ಯಾಟ್‌ಗೆ ಸಮೀಪವಿರುವುದರಿಂದ ಅರ್ಧ ವ್ಯಾಟ್‌ನದನ್ನೇ ಹಾಕಬೇಕು. 12 ವೋಲ್ಟ್ ಪೂರೈಕೆಯಾದರೆ 1 ಕಿಲೋ ಓಮ್ ಹೊಂದುತ್ತದೆ. ಇವೆಲ್ಲ ಸಿದ್ಧವಾಗಿ ಕೂಡಿರುವ ಆಪ್ಟೋಕಪ್ಲರ್ ಫಲಕಗಳೂ ದೊರೆಯುತ್ತವೆ. ಅವು ಯಾವ ವೋಲ್ಟೇಜಿಗಾಗಿ ತಯಾರಾಗಿವೆ ಎಂಬುದನ್ನು ನೋಡಿ ಕೊಳ್ಳಬೇಕು.

ಲಿಮಿಟ್ ಪಿನ್ನುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಊನೊ ಬೋರ್ಡಿನ ಗ್ರಬಲ್ 1.1ರಲ್ಲಿ ಎಕ್ಸ್ ಅಕ್ಷಕ್ಕೆ 9, ವೈ ಅಕ್ಷಕ್ಕೆ 10, ಝಡ್ ಅಕ್ಷಕ್ಕೆ 12ನೆಯ ಪಿನ್ನು ನಿಗದಿಯಾಗಿದೆ. ಆದರೆ ಹಳೆಯ ಆವೃತ್ತಿಗಾಗಿ ವಿನ್ಯಾಸಗೊಂಡ ಸಿ.ಎನ್.ಸಿ. ಶೀಲ್ಡ್ 3ನೆಯ ಆವೃತ್ತಿಯಲ್ಲಿ ಝಡ್ ಲಿಮಿಟ್ ಎಂದು ಮುದ್ರಿತವಾದ ಜಾಗ 11ನೆಯ ಪಿನ್ನಿಗೆ ಹೋಗುತ್ತದೆ. ಹೊಸ ತಂತ್ರಾಂಶ ಬಳಸುವವರು ಝಡ್ ಸೆನ್ಸರಿನ ತಂತಿಯನ್ನು ಆ ಶೀಲ್ಡಿನಲ್ಲಿ ಸ್ಪಿಂಡಲ್ ಎನೇಬಲ್ ಎಂದು ಮುದ್ರಿತವಾದ ಜಾಗಕ್ಕೆ ಕೊಡಬೇಕು. ಝಡ್ ಅಕ್ಷದ ಸೆನ್ಸರ್ 'ಕೆಲಸ ಮಾಡುತ್ತಿಲ್ಲ' ಎಂಬ ದೂರುಗಳಿಗೆ ಇದೊಂದು ಸಾಮಾನ್ಯ ಕಾರಣ.

ಎನ್‌ಸಿ ಬಗೆಯ ಮಹತ್ವ

ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದು ಎನ್ಒ ಬಗೆ. ಗ್ರಬಲ್‌ನ ಮೂಲ ವ್ಯವಸ್ಥೆಯೂ ಅದಕ್ಕೆ ಹೊಂದಿಕೊಂಡಿದೆ. ಆದರೂ ಉತ್ಪಾದನೆಯಲ್ಲಿ ತೊಡಗಿದ ಯಂತ್ರಕ್ಕೆ ಎನ್‌ಸಿ ಬಗೆಯೇ ಲೇಸೆಂಬುದು ನನ್ನ ಅಭಿಪ್ರಾಯ. ಕಾರಣ ಇಷ್ಟೇ: ಯಂತ್ರದೊಡನೆ ಚಲಿಸುವ ತಂತಿ ಎಂದಾದರೊಂದು ದಿನ ತುಂಡಾಗುತ್ತದೆ. ಎನ್ಒ ಸೆನ್ಸರಿನ ತಂತಿ ತುಂಡಾದರೆ ಬೋರ್ಡಿಗೆ ಏನೂ ತಿಳಿಯುವುದಿಲ್ಲ. 'ಎಲ್ಲವೂ ಸರಿಯಾಗಿದೆ' ಎಂಬ ಸ್ಥಿತಿಗೂ 'ತಂತಿಯೇ ಇಲ್ಲ' ಎಂಬ ಸ್ಥಿತಿಗೂ ವ್ಯತ್ಯಾಸವಿಲ್ಲದೆ, ಯಂತ್ರವು ತುದಿಗೆ ಗುದ್ದಿದ ನಂತರವೇ ಲೋಪ ಗೊತ್ತಾಗುತ್ತದೆ. ಎನ್‌ಸಿ ಆದರೆ ತಂತಿ ಕಡಿದ ಕ್ಷಣದಲ್ಲೇ ಮಿತಿ ತಲುಪಿದ ಸಂಕೇತ ಹೋಗಿ ಯಂತ್ರ ನಿಲ್ಲುತ್ತದೆ. 24 ವೋಲ್ಟ್ ಪೂರೈಕೆ ಕೆಟ್ಟರೂ ಅದೇ ಫಲ.

ಆಂತರಿಕ ನಿಯಂತ್ರಣದಲ್ಲಿ ನಾವು ಅನುಸರಿಸುವ ತತ್ವವೂ ಇದೇ. ಶಾಖೆಯು ತೊಂದರೆಯಾದಾಗ ಮಾತ್ರ ಪತ್ರ ಬರೆಯಬೇಕು ಎಂದು ನಿಯಮ ಮಾಡಿದರೆ, ಅಂಚೆ ತಪ್ಪಿದ ದಿನ ಪ್ರಧಾನ ಕಚೇರಿ ನಿಶ್ಚಿಂತೆಯಿಂದ ಇರುತ್ತದೆ. ಪ್ರತಿದಿನ ಕ್ಷೇಮವೆಂದು ತಿಳಿಸಬೇಕು ಎಂದಿದ್ದರೆ ಪತ್ರ ಬಾರದಿರುವುದೇ ಎಚ್ಚರಿಕೆಯಾಗುತ್ತದೆ.

ಎನ್‌ಸಿ ಬಳಸುವಾಗ ಗ್ರಬಲ್‌ನ $5 ಎಂಬ ವ್ಯವಸ್ಥೆಯನ್ನು 1 ಎಂದು ಬದಲಿಸಬೇಕು. ಈ ಬದಲಾವಣೆ ಮೂರೂ ಅಕ್ಷಗಳಿಗೆ ಒಟ್ಟಾಗಿ ಅನ್ವಯಿಸುವುದರಿಂದ ಒಂದು ಅಕ್ಷಕ್ಕೆ ಎನ್ಒ, ಇನ್ನೊಂದಕ್ಕೆ ಎನ್‌ಸಿ ಎಂದು ಬೆರೆಸುವಂತಿಲ್ಲ. ಮೂರು ಸೆನ್ಸರುಗಳನ್ನೂ ಒಂದೇ ಬಗೆಯವಾಗಿ ಕೊಳ್ಳಬೇಕು.

ತಂತ್ರಾಂಶದ ಇತರ ವ್ಯವಸ್ಥೆಗಳು

$22 ಅನ್ನು 1 ಮಾಡಿದರೆ ಹೋಮಿಂಗ್ ಜಾರಿಗೆ ಬರುತ್ತದೆ; $21 ಅನ್ನು 1 ಮಾಡಿದರೆ ಸೆನ್ಸರ್ ಸಂಕೇತ ಬಂದೊಡನೆ ಯಂತ್ರ ನಿಲ್ಲುತ್ತದೆ; $20 ಅನ್ನು 1 ಮಾಡಿದರೆ ನಿಗದಿತ ವ್ಯಾಪ್ತಿಯ ಆಚೆಗಿನ ಆಜ್ಞೆಯನ್ನೇ ಬೋರ್ಡು ನಿರಾಕರಿಸುತ್ತದೆ. ಕೊನೆಯದಕ್ಕೆ ಹೋಮಿಂಗ್ ಜಾರಿಯಲ್ಲಿರುವುದು ಕಡ್ಡಾಯ, ಮತ್ತು ಪ್ರತಿ ಅಕ್ಷದ ಪೂರ್ಣ ಚಲನೆಯ ಅಳತೆಯನ್ನು $130, $131, $132ರಲ್ಲಿ ಸರಿಯಾಗಿ ನಮೂದಿಸಿರಬೇಕು.

$27 ಎಂಬುದು ಹೋಮಿಂಗ್ ಮುಗಿದ ನಂತರ ಸೆನ್ಸರಿನಿಂದ ಹಿಂದೆ ಸರಿಯುವ ದೂರ. ಮೂಲತಃ ಇದು 1 ಮಿ.ಮೀ. ಪ್ರಾಕ್ಸಿಮಿಟಿ ಸೆನ್ಸರ್ ಲೋಹವನ್ನು ಗುರುತಿಸುವ ಬಿಂದುವೂ ಬಿಟ್ಟುಬಿಡುವ ಬಿಂದುವೂ ಒಂದೇ ಆಗಿರುವುದಿಲ್ಲ. ಹಿಂದೆ ಸರಿದ ಮೇಲೂ ಸೆನ್ಸರ್ ಲೋಹವನ್ನು ಗುರುತಿಸುತ್ತಲೇ ಇದ್ದರೆ ಹೋಮಿಂಗ್ ವಿಫಲವಾಗುತ್ತದೆ. ಈ ಮೌಲ್ಯವನ್ನು 2 ಅಥವಾ 3 ಮಿ.ಮೀ.ಗೆ ಏರಿಸಿದರೆ ತೊಂದರೆ ಸಾಮಾನ್ಯವಾಗಿ ನಿವಾರಣೆಯಾಗುತ್ತದೆ.

ಕಾರಣವಿಲ್ಲದೆ ಯಂತ್ರ ನಿಲ್ಲುತ್ತಿದ್ದರೆ ಸ್ಪಿಂಡಲ್ ಮತ್ತು ಮೋಟಾರು ತಂತಿಗಳಿಂದ ಬರುವ ವಿದ್ಯುತ್ ಗದ್ದಲವನ್ನು ಶಂಕಿಸಬೇಕು. ಸೆನ್ಸರಿಗೆ ಶೀಲ್ಡೆಡ್ ಕೇಬಲ್ ಬಳಸಿ, ಅದರ ಹೊರಕವಚವನ್ನು ನಿಯಂತ್ರಣ ಪೆಟ್ಟಿಗೆಯ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ, ಮೋಟಾರು ತಂತಿಗಳಿಂದ ದೂರವಾಗಿ ಎಳೆಯಬೇಕು. 'ಅಲಾರಂ ಬರುತ್ತದೆ' ಎಂದು $21 ಅನ್ನು ಸೊನ್ನೆ ಮಾಡುವುದು ಪರಿಹಾರವಲ್ಲ. ಅದು ಲೆಕ್ಕ ತಾಳೆಯಾಗದಿದ್ದಾಗ ಸಸ್ಪೆನ್ಸ್ ಖಾತೆಗೆ ಬರೆದು ಮುಚ್ಚಿದಂತೆ.

ಸ್ವಾಧೀನಕ್ಕೆ ಮುನ್ನ ಪರೀಕ್ಷೆಗಳು

ತಂತ್ರಜ್ಞರು ಕೆಲಸ ಮುಗಿಸಿದರೆಂದು ಹಣ ಪಾವತಿಸುವ ಮೊದಲು ಮಾಲೀಕರು ತಮ್ಮ ಎದುರಿನಲ್ಲೇ ಈ ಪರೀಕ್ಷೆಗಳನ್ನು ಮಾಡಿಸಬೇಕು.

1. ಬೋರ್ಡಿನ ಸಂಪರ್ಕ ತೆಗೆದು ಸೆನ್ಸರಿಗೆ ಮಾತ್ರ ವಿದ್ಯುತ್ ಕೊಟ್ಟು, ಕಪ್ಪು ಮತ್ತು ನೀಲಿ ತಂತಿಗಳ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಲೋಹವಿಟ್ಟು ಒಮ್ಮೆ, ಲೋಹವಿಲ್ಲದೆ ಒಮ್ಮೆ ಅಳೆಯುವುದು. ಯಾವುದಾದರೊಂದು ಸ್ಥಿತಿಯಲ್ಲಿ 24ರ ಸಮೀಪ ತೋರಿದರೆ ನೇರ ಜೋಡಣೆ ಅಪಾಯಕಾರಿ ಎಂಬುದಕ್ಕೆ ಅದೇ ಸಾಕ್ಷಿ.
2. ಬೋರ್ಡಿಗೆ ಜೋಡಿಸಿ, ಮೋಟಾರು ನಡೆಸದೆ, ಕೈಯಲ್ಲಿ ಸ್ಟೀಲ್ ತುಂಡು ಹಿಡಿದು ಪ್ರತಿ ಸೆನ್ಸರಿನ ಮುಂದೆ ತರುವುದು. ಗ್ರಬಲ್‌ಗೆ ಪ್ರಶ್ನಾರ್ಥಕ ಚಿಹ್ನೆ ಕಳುಹಿಸಿದರೆ ಬರುವ ಸ್ಥಿತಿ ವರದಿಯಲ್ಲಿ ಆಯಾ ಅಕ್ಷದ ಅಕ್ಷರ ಕಾಣಬೇಕು.
3. ಹೋಮಿಂಗ್ ಆರಂಭಿಸಿ, ಯಂತ್ರ ತುದಿ ತಲುಪುವ ಮೊದಲೇ ಸ್ಟೀಲ್ ತುಂಡನ್ನು ತೋರಿಸಿ ಚಲನೆ ಬದಲಾಗುವುದನ್ನು ಖಚಿತಪಡಿಸಿಕೊಳ್ಳುವುದು. ಈ ವೇಳೆ ಒಂದು ಕೈ ವಿದ್ಯುತ್ ಸ್ವಿಚ್ಚಿನ ಮೇಲಿರಲಿ.
4. ಒಂದು ಸೆನ್ಸರಿನ ತಂತಿಯನ್ನು ಬೇಕೆಂದೇ ಬಿಚ್ಚುವುದು. ಎನ್‌ಸಿ ಜೋಡಣೆಯಾದರೆ ಅಲಾರಂ ಬರಲೇಬೇಕು.
5. ಹತ್ತು ಬಾರಿ ಹೋಮಿಂಗ್ ಮಾಡಿ ಡಯಲ್ ಗೇಜಿನಿಂದ ಸ್ಥಾನವನ್ನು ಅಳೆದು ಬರೆದಿಡುವುದು. ಆ ವ್ಯತ್ಯಾಸ ತಮ್ಮ ಕೆಲಸಕ್ಕೆ ಸಹ್ಯವೇ ಎಂಬುದನ್ನು ಮಾಲೀಕರೇ ನಿರ್ಧರಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಸೆನ್ಸರ್ ಯಂತ್ರದ ರಕ್ಷಣೆಗೇ ಹೊರತು ಮನುಷ್ಯನ ರಕ್ಷಣೆಗಲ್ಲ. ಕಾರ್ಮಿಕರ ಸುರಕ್ಷತೆಗಾಗಿ, ಬೋರ್ಡಿನ ತಂತ್ರಾಂಶವನ್ನು ಅವಲಂಬಿಸದೆ ಮೋಟಾರು ಮತ್ತು ಸ್ಪಿಂಡಲಿನ ವಿದ್ಯುತ್ತನ್ನೇ ಕಡಿಯುವ ತುರ್ತು ನಿಲುಗಡೆ ಗುಂಡಿ ಪ್ರತ್ಯೇಕವಾಗಿ ಇರಲೇಬೇಕು.

ವೆಚ್ಚದ ದೃಷ್ಟಿ

ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಮೂರು ಸೆನ್ಸರುಗಳು, ಆಪ್ಟೋಕಪ್ಲರ್ ಫಲಕ, ಕೇಬಲ್ ಮತ್ತು ಕೂಲಿ ಸೇರಿ ರೂ. 4,000 ಎಂದಿಟ್ಟುಕೊಳ್ಳಿ. ಬೋರ್ಡು ಸುಟ್ಟು ಮೂರು ದಿನ ಯಂತ್ರ ನಿಂತರೆ, ದಿನಕ್ಕೆ ರೂ. 3,000 ವಂತಿಗೆಯಂತೆ ರೂ. 9,000, ಹಾಳಾದ ಹಾಳೆಗೆ ರೂ. 2,500, ಬೋರ್ಡಿಗೆ ರೂ. 1,500, ಒಟ್ಟು ರೂ. 13,000. ಇದರಲ್ಲಿ ಬೋರ್ಡಿನ ರೂ. 1,500 ಮಾತ್ರ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ. ಹಾಳೆಯ ಬೆಲೆ ಕಚ್ಚಾಸಾಮಗ್ರಿಯ ಬಳಕೆಯಲ್ಲಿ ಮರೆಯಾಗುತ್ತದೆ. ಕೈತಪ್ಪಿದ ಕೆಲಸ ಯಾವ ಪುಸ್ತಕಕ್ಕೂ ಬರುವುದಿಲ್ಲ. ಆದ್ದರಿಂದಲೇ ಮಾಲೀಕರಿಗೆ ನಷ್ಟದ ನಿಜವಾದ ಗಾತ್ರ ತಿಳಿಯುವುದಿಲ್ಲ. ಓದುಗರು ತಮ್ಮ ಘಟಕದ ಅಂಕಿಗಳನ್ನು ಹಾಕಿ ನೋಡಬಹುದು.

ಲೆಕ್ಕ ಬರೆಯುವಾಗ, ಯಂತ್ರ ಸ್ಥಾಪನೆಯ ಭಾಗವಾಗಿ ಸೆನ್ಸರ್ ಜೋಡಿಸಿದರೆ ಅದರ ವೆಚ್ಚ, ಲೆಕ್ಕಪತ್ರ ಮಾನಕ 10ರ ಅನ್ವಯ, ಯಂತ್ರದ ಬೆಲೆಗೇ ಸೇರಬೇಕು. ಆಮೇಲೆ ಕೆಟ್ಟ ಸೆನ್ಸರನ್ನು ಅದೇ ಬಗೆಯ ಮತ್ತೊಂದರಿಂದ ಬದಲಿಸಿದರೆ ಅದು ಸಾಮಾನ್ಯವಾಗಿ ದುರಸ್ತಿ ವೆಚ್ಚ. ನೋಂದಾಯಿತ ವ್ಯಾಪಾರಿಯಿಂದ ತೆರಿಗೆ ಬೀಜಕ ಪಡೆದರೆ ಮಾತ್ರ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಗೆ ಅವಕಾಶ. ಯಂತ್ರದ ಬೆಲೆಯಲ್ಲಿನ ತೆರಿಗೆ ಭಾಗದ ಮೇಲೆ ಸವಕಳಿ ಪಡೆದರೆ ಆ ಭಾಗಕ್ಕೆ ಜಮೆ ದೊರೆಯದು ಎಂಬುದನ್ನೂ ನೆನಪಿಡಬೇಕು.

ಇನ್ನು ಖರೀದಿ ಆದೇಶದಲ್ಲಿ 'ಸೆನ್ಸರ್ ಸಹಿತ ಯಂತ್ರ' ಎಂದಷ್ಟೇ ಬರೆಯದೆ, 'ಎನ್‌ಪಿಎನ್-ಎನ್‌ಸಿ ಸೆನ್ಸರ್ ಮೂರು, ಆಪ್ಟೋಕಪ್ಲರ್ ಮೂಲಕ ಜೋಡಣೆ, ಹೋಮಿಂಗ್ ಜಾರಿಯಲ್ಲಿರುವುದು, ಮೇಲಿನ ಐದು ಪರೀಕ್ಷೆಗಳ ನಂತರ ಅಂತಿಮ ಪಾವತಿ' ಎಂದು ಸ್ಪಷ್ಟವಾಗಿ ನಮೂದಿಸಬೇಕು. ತಂತಿ ಜೋಡಣೆಯ ನಕ್ಷೆಯನ್ನೂ ಗ್ರಬಲ್ ವ್ಯವಸ್ಥೆಗಳ ಮುದ್ರಿತ ಪಟ್ಟಿಯನ್ನೂ ನಿಯಂತ್ರಣ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ, ಒಂದು ಹೆಚ್ಚುವರಿ ಸೆನ್ಸರನ್ನು ದಾಸ್ತಾನಿನಲ್ಲಿಡುವುದು ಒಳ್ಳೆಯದು. ಜೋಡಿಸಿದ ತಂತ್ರಜ್ಞರು ಊರು ಬಿಟ್ಟರೂ, ಆ ನಕ್ಷೆಯನ್ನು ನೋಡಿ ಮತ್ತೊಬ್ಬರು ಯಂತ್ರವನ್ನು ಸರಿಪಡಿಸುವಂತಿರಬೇಕು. ಸದಸ್ಯ ಉದ್ದಿಮೆದಾರರು ತಮ್ಮಲ್ಲಿ ಈಗಾಗಲೇ ನಡೆಯುತ್ತಿರುವ ಯಂತ್ರಗಳ ಮೇಲೂ ಇದೇ ಪರೀಕ್ಷೆಗಳನ್ನು ಬಿಡುವಿನ ದಿನವೊಂದರಲ್ಲಿ ನಡೆಸಿ ನೋಡುವುದು ಸೂಕ್ತ.